ಬ್ಯಾಗು ಎಲ್ಲಿ ತನಕ?

ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲಿ ಎಲ್ಲರೂ ಹೆದರುವುದು ತೂಕದ ಯಂತ್ರಕ್ಕೆ. ನಾನು ಹೆದರುವುದು ಪ್ರಿಂಟರಿಗೆ. ತೂಕದ ವಿಚಾರದಲ್ಲಿ ಏನಾದರೂ ದಾರಿಯಿದೆ. ಎರಡು ಕಿಲೋ ಹೆಚ್ಚಿದ್ದರೆ ಹಪ್ಪಳದ ಕಟ್ಟನ್ನು ಕೈಚೀಲಕ್ಕೆ ದಾಟಿಸಬಹುದು, ತೀರಾ ಆದರೆ ಸ್ವೆಟರನ್ನು ಮೈಮೇಲೆ ಏರಿಸಿಕೊಂಡು ಮಂಗಳೂರಿನ ಬಜಪೆ ನಿಲ್ದಾಣದ ಸೆಕೆಯಲ್ಲಿ ಬೆವರುತ್ತಾ ನಗಬಹುದು. ಆದರೆ ಪ್ರಿಂಟರಿನಿಂದ ಹೊರಬರುವ ಆ ಉದ್ದನೆಯ ಅಂಟುಪಟ್ಟಿಯ ಮೇಲೆ ಯಾವ ಮೂರಕ್ಷರ ಬಿದ್ದಿದೆಯೋ ಅದಕ್ಕೆ ಮೇಲ್ಮನವಿ ಇಲ್ಲ. ಬಿಒಎಂ ಎಂದಿದ್ದರೆ ಬ್ಯಾಗು ಮುಂಬೈಯಲ್ಲಿ ಇಳಿಯಿತು. ಎಲ್‌ಎಚ್‌ಆರ್ ಎಂದಿದ್ದರೆ ಲಂಡನ್ನಿನ ಹೀಥ್ರೂವಿನ ತನಕ ಅದರ ಯೋಚನೆ ನಮಗಿಲ್ಲ.

ಈ ಮೂರಕ್ಷರಗಳ ಜಗತ್ತೇ ಬೇರೆ. ಬೆಂಗಳೂರು ಬಿಎಲ್‌ಆರ್, ಸರಿ, ಮುಖ ನೋಡಿದರೆ ಗುರುತು ಸಿಗುತ್ತದೆ. ಹುಬ್ಬಳ್ಳಿ ಎಚ್‌ಬಿಎಕ್ಸ್, ಮೈಸೂರು ಎಂವೈಕ್ಯೂ. ತಲೆ ಊರಿನದ್ದು, ಬಾಲ ಯಾರದೋ. ನಮ್ಮ ಮಂಗಳೂರು ಐಎಕ್ಸ್‌ಇ. ಅದರೊಳಗೆ ಮಂಗಳೂರನ್ನು ಹುಡುಕಿದರೆ ಇಂಗ್ಲಿಷ್ ಹೆಸರಿನ ತುದಿಯ ‘ಇ’ ಒಂದು ಸಿಕ್ಕೀತು. 2023ರಲ್ಲಿ ಶುರುವಾದ ಶಿವಮೊಗ್ಗದ ನಿಲ್ದಾಣಕ್ಕೆ ಕುವೆಂಪು ಅವರ ಹೆಸರಿಟ್ಟರು, ಬ್ಯಾಗಿನ ಪಟ್ಟಿಯಲ್ಲಿ ಮಾತ್ರ ಅದು ಆರ್‌ಕ್ಯೂವೈ. ಶಿವಮೊಗ್ಗವೂ ಅಲ್ಲ, ಕುವೆಂಪುವೂ ಅಲ್ಲ.

ಇದೆಲ್ಲ ನನಗೆ ಬಾಯಿಪಾಠವಾದದ್ದು ಮಗಳು ಟಿಕೆಟ್ ಮಾಡುವ ಕ್ರಮದಿಂದ. ಅವಳು ಲಂಡನ್ನಿನಲ್ಲಿ ಕೂತು, ಮುಂಬೈಯಿಂದ ಲಂಡನ್ನಿಗೆ ಒಂದು ಕಡೆ ಅಗ್ಗ ನೋಡುತ್ತಾಳೆ, ಮಂಗಳೂರಿನಿಂದ ಮುಂಬೈಗೆ ಇನ್ನೊಂದು ಕಡೆ. ಎರಡನ್ನೂ ಬೇರೆ ಬೇರೆ ಕೊಂಡರೆ ಎಷ್ಟು ಉಳಿಯುತ್ತದೆ ಎನ್ನುವುದನ್ನು ಪೌಂಡಿನಲ್ಲಿ ಹೇಳುತ್ತಾಳೆ. ನಾನು ಮನಸ್ಸಿನಲ್ಲೇ ರೂಪಾಯಿಗೆ ಗುಣಿಸಿ ಸುಮ್ಮನಾಗುತ್ತೇನೆ.

“ಮಧ್ಯೆ ಆರು ಗಂಟೆ ಉಂಟಲ್ಲ ಅಪ್ಪ, ಬೇಕಾದಷ್ಟಾಯ್ತು.”

“ನಮಗೆ ಬೇಕಾದಷ್ಟಾಯ್ತು. ಬ್ಯಾಗಿಗೆ?”

ಬ್ಯಾಗಿಗೆ ಆರು ಗಂಟೆಯೂ ಒಂದೇ, ಅರವತ್ತು ಗಂಟೆಯೂ ಒಂದೇ. ಎರಡು ಟಿಕೆಟ್ ಎಂದರೆ ಎರಡು ಪಿಎನ್‌ಆರ್. ಮೊದಲ ಕಂಪನಿಯ ಕಂಪ್ಯೂಟರಿನ ಮಟ್ಟಿಗೆ ನಾನೂ ಹೆಂಡತಿಯೂ ಮುಂಬೈಗೆ ಹೋಗಿ ಅಲ್ಲೇ ಉಳಿಯುವವರು. ಎರಡನೆಯದರ ಮಟ್ಟಿಗೆ ಮುಂಬೈಯಲ್ಲೇ ಹುಟ್ಟಿ ಬೆಳೆದವರು. ಬ್ಯಾಗಿನ ಪಟ್ಟಿಯ ಮೇಲೆ 10 ಅಂಕಿಯ ಒಂದು ಸಂಖ್ಯೆ ಇರುತ್ತದೆ. ಅದರಲ್ಲಿ ಮೂರು ಅಂಕಿ ಕಂಪನಿಯ ಗುರುತು, ಕೊನೆಯ ಆರು ಆ ಬ್ಯಾಗಿನ ಸ್ವಂತದ್ದು. ದಾರಿಯ ಸ್ಕ್ಯಾನರುಗಳು ಈ ಸಂಖ್ಯೆಯನ್ನು ಓದಿ, ಮುಂಚಿತವಾಗಿ ಬಂದ ಸಂದೇಶದ ಜೊತೆ ತಾಳೆ ನೋಡಿ ಬ್ಯಾಗನ್ನು ಅತ್ತ ಇತ್ತ ತಳ್ಳುತ್ತವೆ. ಸಂದೇಶದಲ್ಲಿ ಲಂಡನ್ ಇಲ್ಲದಿದ್ದರೆ, ಬ್ಯಾಗಿನೊಳಗೆ ಲಂಡನ್ನಿನ ಚಳಿಗೆಂದೇ ಕೊಂಡ ಎರಡು ಶಾಲು ಇದ್ದರೂ ಅದು ಮುಂಬೈಯ ಬೆಲ್ಟಿನ ಮೇಲೆ ಬಂದು ಮಲಗುತ್ತದೆ.

ಕಂಪನಿ ಕಂಪನಿಗಳ ನಡುವೆ ಒಪ್ಪಂದವಿದ್ದರೆ ಕೌಂಟರಿನವರು ಎರಡನೆಯ ಟಿಕೆಟನ್ನೂ ನೋಡಿ, ಕೈಯಾರೆ ಟೈಪ್ ಮಾಡಿ ಸೇರಿಸಬಹುದು. ‘ಬಹುದು’ ಅಷ್ಟೇ, ‘ಬೇಕು’ ಅಲ್ಲ. ಮೊದಲೆಲ್ಲ ಇದು ಮರ್ಯಾದೆಯ ವಿಚಾರವಾಗಿತ್ತು. ಒನ್‌ವರ್ಲ್ಡ್ ಎಂಬ ವಿಮಾನ ಕಂಪನಿಗಳ ದೊಡ್ಡ ಕೂಟ 2016ರಲ್ಲಿ, ಬೇರೆ ಬೇರೆ ಟಿಕೆಟಿನವರ ಬ್ಯಾಗನ್ನು ಕೊನೆಯವರೆಗೆ ಕಳಿಸುವುದು ತನ್ನ ಸದಸ್ಯರಿಗೆ ಇನ್ನು ಕಡ್ಡಾಯವಲ್ಲ ಎಂದಿತು. ಗ್ಯಾಟ್ವಿಕ್, ಮಿಲಾನ್‌ನಂಥ ನಿಲ್ದಾಣಗಳು ಇಂಥ ಅನಾಥರಿಗಾಗಿಯೇ ಪ್ರತ್ಯೇಕ ಕೌಂಟರು ತೆರೆದು ನೋಡಿದ್ದೂ ಉಂಟು.

ತೂಕದಲ್ಲಿಯೂ ಇದೇ ತಮಾಷೆ. ದೇಶದೊಳಗಿನ ಟಿಕೆಟಿಗೆ ಸಾಮಾನ್ಯವಾಗಿ 15 ಕಿಲೋ, ಲಂಡನ್ನಿನ ಟಿಕೆಟಿಗೆ ಒಂದು ಬ್ಯಾಗಿಗೆ 23. ಎರಡೂ ಒಂದೇ ಟಿಕೆಟಿನಲ್ಲಿದ್ದರೆ ದೊಡ್ಡದರ ಲೆಕ್ಕವೇ ನಡೆಯುತ್ತದೆ. ಬೇರೆ ಬೇರೆಯಾದರೆ ಮಂಗಳೂರಿನಲ್ಲಿ ದಂಡ ಕಟ್ಟಿದ ಅದೇ ಬ್ಯಾಗು ಮುಂಬೈಯಲ್ಲಿ ಸಭ್ಯ ಬ್ಯಾಗು. ಹಾರಾಡಿದ್ದರಲ್ಲಿ ಕುಚ್ಚಲಕ್ಕಿಯ ತೂಕವೇನೂ ಇಳಿದಿರುವುದಿಲ್ಲ. ಕೊಬ್ಬರಿಯದ್ದು ಇನ್ನೊಂದು ಕತೆ. ಅದರ ಎಣ್ಣೆಯಂಶದಿಂದ ತನ್ನಷ್ಟಕ್ಕೆ ಬಿಸಿಯಾಗಿ ಬೆಂಕಿ ಹಿಡಿಯಬಹುದೆಂದು ಅದು ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿದೆ. ಅಟ್ಟದ ಮೇಲೆ ವರ್ಷಗಟ್ಟಲೆ ಕೊಬ್ಬರಿ ಇಟ್ಟು ಅದರ ಕೆಳಗೇ ಮಲಗಿದ ವಂಶದವಳಾದ ನನ್ನ ಹೆಂಡತಿ ಈ ಮಾತನ್ನು ಈಗಲೂ ನಂಬಿಲ್ಲ.

ಒಬ್ಬರ ಗಾಡಿಯಿಂದ ಇನ್ನೊಬ್ಬರ ಗಾಡಿಗೆ ಸಾಮಾನು ದಾಟಿಸುವುದು ನಮಗೆ ಹೊಸದೇನಲ್ಲ. ನಾವು ಸಣ್ಣವರಿದ್ದಾಗ ವಿಟ್ಲದಿಂದ ಅಜ್ಜಿ ಜಾಲ್ಸೂರಿನ ಅತ್ತೆಗೆ ಹಲಸಿನ ಹಪ್ಪಳ ಕಳಿಸುತ್ತಿದ್ದರು. ತಗಡಿನ ಡಬ್ಬ, ಅದಕ್ಕೆ ಬಟ್ಟೆ ಸುತ್ತಿ ಹೊಲಿಗೆ. ವಿಟ್ಲದ ಬಸ್ಸು ಕಬಕಕ್ಕಾಗಿ ಪುತ್ತೂರಿಗೆ ಹೋಗಿ ನಿಲ್ಲುವುದು; ಜಾಲ್ಸೂರಿಗೆ ಸುಳ್ಯದ ಬಸ್ಸೇ ಆಗಬೇಕು. ಎರಡೂ ಬೇರೆ ಬೇರೆ ಧಣಿಗಳ ಬಸ್ಸು. ಧಣಿಗಳಿಬ್ಬರೂ ಟೈಮಿಂಗಿನ ವಿಚಾರದಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ ಎಂದು ಊರಿಡೀ ಗೊತ್ತು. ಅಜ್ಜಿ ಡಬ್ಬವನ್ನು ಕಂಡಕ್ಟರನ ಕೈಗೆ ಕೊಟ್ಟು “ಜಾಲ್ಸೂರು” ಎನ್ನುವರು. ಅವನು “ಆಯ್ತಮ್ಮ” ಎಂದು ಅದನ್ನು ಇಂಜಿನಿನ ಪಕ್ಕ ತುರುಕಿ ಸೀಟಿ ಊದುವನು. ಪುತ್ತೂರಿನ ಸ್ಟ್ಯಾಂಡಿನಲ್ಲಿ ಡಬ್ಬ ಒಂದು ಕಂಕುಳಿನಿಂದ ಇನ್ನೊಂದು ಕಂಕುಳಿಗೆ ಹೋಗುವುದು. ಜಾಲ್ಸೂರಿನ ಅಂಗಡಿಯಲ್ಲಿ ಇಳಿಯುವುದು. ಸಂಜೆ ಅತ್ತೆಯ ಮನೆಯ ಆಳು ಬಂದು ಒಯ್ಯುವನು. ರಶೀದಿ ಇಲ್ಲ, ನಂಬರಿಲ್ಲ. ಮರುವಾರ ಡಬ್ಬ ಅದೇ ದಾರಿಯಲ್ಲಿ ವಾಪಸು. ಖಾಲಿ ಕಳಿಸಬಾರದೆಂದು ಒಳಗೆ ಒಂದು ಅಚ್ಚು ಬೆಲ್ಲ.

ಒಮ್ಮೆ ಡಬ್ಬ ತಪ್ಪಿ ಸುಬ್ರಹ್ಮಣ್ಯದ ಬಸ್ಸು ಹತ್ತಿತು. ಕ್ಷೇತ್ರದರ್ಶನ ಮುಗಿಸಿ ಜಾಲ್ಸೂರಿಗೆ ಮುಟ್ಟಿದಾಗ ಹಪ್ಪಳ ಸ್ವಲ್ಪ ಕಡಿಮೆ ಇತ್ತಂತೆ. ಅತ್ತೆ ಅದನ್ನು ಸುಬ್ರಹ್ಮಣ್ಯ ದೇವರ ಲೆಕ್ಕಕ್ಕೆ ಬರೆದರು. ಆ ವ್ಯವಸ್ಥೆ ನಡೆಯುತ್ತಿದ್ದುದು ಕಂಡಕ್ಟರನ ತಾಯಿಯನ್ನು ಅಜ್ಜಿ ಬಲ್ಲರು ಎಂಬ ಒಂದೇ ಆಧಾರದ ಮೇಲೆ. ಪರಊರಿನವನೊಬ್ಬ ಡಬ್ಬ ಹಿಡಿದು ನಿಂತಿದ್ದರೆ ಅವನಿಗೂ “ಆಯ್ತು” ಸಿಗುತ್ತಿತ್ತೇ? ನನಗೆ ಧೈರ್ಯವಾಗಿ ಹೇಳಲಾಗದು. ಆದರೂ, ಧಣಿಗಳ ಜಗಳ ಡಬ್ಬಕ್ಕೆ ತಟ್ಟದ ಹಾಗೆ ನೋಡಿಕೊಂಡ ಆ ಇಬ್ಬರು ಕಂಡಕ್ಟರರನ್ನು ಯಾವ ಕೂಟಕ್ಕಾದರೂ ಅಧ್ಯಕ್ಷರನ್ನಾಗಿ ಮಾಡಬಹುದಿತ್ತು.

ಮುಂಬೈಯಲ್ಲಿ ಬ್ಯಾಗು ಇಳಿಸಿಕೊಂಡವರ ಪಾಡು ಹೇಳುತ್ತೇನೆ. ದೇಶದೊಳಗಿನ ವಿಮಾನ ಸಾಂತಾಕ್ರೂಜ್ ಕಡೆಯ ಒಂದನೇ ಟರ್ಮಿನಲ್ಲಿಗೆ ಬಂದಿದ್ದರೆ, ಲಂಡನ್ನಿನದ್ದು ಸಹಾರ್ ಕಡೆಯ ಎರಡನೆಯದರಿಂದ. ಹೆಸರಿಗೆ ಒಂದೇ ನಿಲ್ದಾಣ. ನಡುವೆ ಮುಂಬೈಯ ರಸ್ತೆ, ಮುಂಬೈಯ ಸಿಗ್ನಲ್ಲು. ಬೆಲ್ಟಿನ ಮುಂದೆ ಕಾದು, ಒಂದು ಚಕ್ರ ಸದಾ ಎಡಕ್ಕೆಳೆಯುವ ಟ್ರಾಲಿ ಹಿಡಿದು, ಟ್ಯಾಕ್ಸಿಯ ಡಿಕ್ಕಿಯಲ್ಲಿ ಬ್ಯಾಗು ಹಿಡಿಯದೆ ಒಂದನ್ನು ತೊಡೆಯ ಮೇಲಿಟ್ಟುಕೊಂಡು ಹೊರಡಬೇಕು. ಹೆದ್ದಾರಿಯ ಆಚೆಬದಿಯಲ್ಲಿ ಯಾವುದಾದರೂ ಉಡುಪಿ ಹೋಟೆಲಿನ ಬೋರ್ಡು ಕಂಡರೆ ಹೆಂಡತಿ “ನೋಡಿ, ನಮ್ಮವರದ್ದು” ಎನ್ನುತ್ತಾಳೆ. ಇಳಿಯಲು ಧೈರ್ಯವಿಲ್ಲ. ಆರು ಗಂಟೆ ಇದ್ದರೂ ಇಲ್ಲ.

ಆ ಹೋಟೆಲುಗಳನ್ನು ಕಟ್ಟಿದವರ ಕಾಲದಲ್ಲಿ ಕರಾವಳಿಯಿಂದ ಮುಂಬೈಗೆ ಹಡಗಿತ್ತು. ಹೊರಟವನ ಹತ್ತಿರ ಒಂದು ಕಬ್ಬಿಣದ ಟ್ರಂಕು. ಟ್ರಂಕಿನ ಮೇಲೆ ಬಿಳಿ ಪೇಂಟಿನಲ್ಲಿ ಅವನ ಹೆಸರು, ಅವನ ಊರು. ಎಲ್ಲಿಗೆ ಹೊರಟದ್ದೆಂದು ಟ್ರಂಕಿನ ಮೇಲೆ ಬರೆಸುವ ಪದ್ಧತಿ ಇರಲಿಲ್ಲ. ಈಗಿನ ಪಟ್ಟಿಯಲ್ಲಿ ಹೋಗುವ ಊರು ಹೆಬ್ಬೆರಳಿನಷ್ಟು ದೊಡ್ಡದು, ನನ್ನ ಹೆಸರು ಕನ್ನಡಕ ಹಾಕಿಕೊಂಡರೆ ಮಾತ್ರ.

ಒಂದೇ ಟಿಕೆಟಿನವರಿಗೆ ಕಾಲದ ಲೆಕ್ಕವೂ ಸಿದ್ಧವಾಗಿ ಸಿಗುತ್ತದೆ. ಒಂದು ವಿಮಾನದಿಂದ ಇನ್ನೊಂದಕ್ಕೆ ಕನಿಷ್ಠ ಎಷ್ಟು ಹೊತ್ತು ಬೇಕೆಂದು ನಿಲ್ದಾಣಗಳು ಗೊತ್ತುಮಾಡಿರುತ್ತವೆ. ಫ್ರಾಂಕ್‌ಫರ್ಟಿನಲ್ಲಿ 45 ನಿಮಿಷ, ವಿಯೆನ್ನಾದಲ್ಲಿ 25. ತಪ್ಪಿದರೆ ಕಂಪನಿಯೇ ಬೇರೆ ವಿಮಾನ ಹುಡುಕಿ ಕೂರಿಸಬೇಕು. ಎರಡು ಟಿಕೆಟಿನವರು ಮೊದಲ ವಿಮಾನ ತಡವಾಗಿ ಎರಡನೆಯದನ್ನು ತಪ್ಪಿಸಿಕೊಂಡರೆ ಕಡತದಲ್ಲಿ ಬರೆಯುವುದು ‘ಬರಲಿಲ್ಲ’ ಎಂದು. ಅದರ ಹಿಂದೆಯೇ ವಾಪಸು ಬರುವ ಪ್ರಯಾಣವೂ ಸಾಮಾನ್ಯವಾಗಿ ರದ್ದು. ಹಾಗಾಗಿ ನಮ್ಮ ಮನೆಯ ಕನಿಷ್ಠ ಹೊತ್ತನ್ನು ಗೊತ್ತುಮಾಡುವವಳು ಹೆಂಡತಿ. ಅವಳು ವಿಯೆನ್ನಾವನ್ನು ಒಪ್ಪುವ ಸಂಭವವಿಲ್ಲ.

ಬ್ಯಾಗು ಇಳಿಸಿಕೊಳ್ಳಬೇಕಾದದ್ದು ಪರದೇಶದ ನಡುದಾರಿಯಲ್ಲಾದರೆ ಇನ್ನೂ ವಿಚಿತ್ರ. ಬ್ಯಾಗು ಬಂದು ಬೀಳುವ ಬೆಲ್ಟು ಇರುವುದು ಇಮಿಗ್ರೇಷನ್ ಗಡಿಯ ಆಚೆ. ಅಲ್ಲಿಗೆ ಹೋಗಲು ಆ ದೇಶದ ವೀಸಾ ಬೇಕು. ಬರಿಯ ವಿಮಾನ ಬದಲಿಸುವವನ ಹತ್ತಿರ ವೀಸಾ ಯಾಕಿರುತ್ತದೆ? ಬ್ಯಾಗು ಯಾವ ವೀಸಾ ಇಲ್ಲದೆ ಗಡಿ ದಾಟಿ ಯುರೋಪಿನೊಳಗೆ ಸುತ್ತು ಹೊಡೆಯುತ್ತಿರುತ್ತದೆ, ಯಜಮಾನ ಗಾಜಿನ ಈಚೆ ನಿಂತಿರುತ್ತಾನೆ. ಅದಕ್ಕೇ ಊರಿನ ಕೌಂಟರಿನಲ್ಲೇ ಎಷ್ಟೋ ಜನರನ್ನು ವಾಪಸು ಕಳಿಸುತ್ತಾರೆ.

ಕಳೆದುಹೋದರೆ? 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ 21 ದಿನ ಕಳೆದರೂ ಬಾರದ ಬ್ಯಾಗನ್ನು ಕಳೆದುಹೋಯಿತೆಂದೇ ತಿಳಿಯಬಹುದು. ಭಾರತ 2009ರಲ್ಲಿ ಅದಕ್ಕೆ ಸೇರಿತು. ಅಮೆರಿಕದ ಅಲಬಾಮಾದ ಸ್ಕಾಟ್ಸ್‌ಬರೋ ಎಂಬ ಊರಿನಲ್ಲಿ, ಯಜಮಾನರೇ ಸಿಗದ ಬ್ಯಾಗುಗಳನ್ನು ಕೊಂಡು ಒಳಗಿನ ಸಾಮಾನು ಮಾರುವ ಅಂಗಡಿಯೇ ಇದೆ, 1970ರಿಂದ. ಅಲ್ಲಿ ಕ್ಯಾಮರಾ, ಕೋಟು, ಒಡವೆ ಎಲ್ಲ ಮಾರಾಟವಾಗುತ್ತದಂತೆ. ಮಾವಿನಮಿಡಿ ಉಪ್ಪಿನಕಾಯಿಯ ಭರಣಿ ಒಡೆದ ಬ್ಯಾಗನ್ನು ಅವರು ಯಾವ ಕಪಾಟಿನಲ್ಲಿ ಇಡುತ್ತಾರೋ ನೋಡಬೇಕೆಂದು ನನಗೊಂದು ಆಸೆ.

ಕಳೆದ ಸಲ ಬಜಪೆಯ ಕೌಂಟರಿನಲ್ಲಿ ತುಸು ವಯಸ್ಸಾದ ಹೆಂಗಸು ಇದ್ದರು.

“ಮುಂಬೈ ತನಕವಾ ಸರ್?”

“ಲಂಡನ್ ತನಕ ಆಗ್ತದಾ ನೋಡಿ. ಟಿಕೆಟ್ ಮಾತ್ರ ಬೇರೆ ಬೇರೆ.”

ಅವರು ನಮ್ಮಿಬ್ಬರ ಮುಖ ನೋಡಿದರು. ಎರಡನೆಯ ಟಿಕೆಟ್ ಕೇಳಿ ತೆಗೆದುಕೊಂಡರು. ಬಹಳ ಹೊತ್ತು ಟೈಪ್ ಮಾಡಿದರು. ಹಿಂದಿನ ಸಾಲಿನವರು ಗಟ್ಟಿಯಾಗಿ ಉಸಿರು ಬಿಡತೊಡಗಿದರು. ಯಾರಿಗೋ ಫೋನ್ ಮಾಡಿ ತುಳುವಿನಲ್ಲಿ ಮಾತಾಡಿದರು. ಕೊನೆಗೆ ಪ್ರಿಂಟರು ಕರಕರ ಎಂದಿತು. ಪಟ್ಟಿಯಲ್ಲಿ ಬಿಒಎಂ ಚಿಕ್ಕದಾಗಿ, ಎಲ್‌ಎಚ್‌ಆರ್ ದೊಡ್ಡದಾಗಿ.

“ಇನ್ನು ಲಂಡನ್ನಿನಲ್ಲೇ ತೆಕ್ಕೊಳ್ಳಿ. ನೀವು ಆರಾಮ ಹೋಗಿ.”

ಹೆಚ್ಚಿನ ತೂಕದ ದುಡ್ಡನ್ನು ಅಷ್ಟು ಸಂತೋಷದಿಂದ ನಾನು ಎಂದೂ ಕಟ್ಟಿದವನಲ್ಲ. ಆದರೆ ಮುಂಬೈಯಲ್ಲಿ ಇಳಿದಮೇಲೆ ಕೈ ಎರಡೂ ಖಾಲಿ, ಮುಂದೆ ಆರು ಗಂಟೆ, ಮಾಡಲು ಕೆಲಸವಿಲ್ಲ. ಹೆಂಡತಿ ಪಾಸ್‌ಪೋರ್ಟಿನ ಹಿಂದೆ ಅಂಟಿಸಿದ ಬ್ಯಾಗಿನ ಚೀಟಿಗಳನ್ನು ಆಗಾಗ ಉಗುರಿನಿಂದ ಒತ್ತಿ ನೋಡುವಳು. “ಅದನ್ನು ಇಳಿಸಿ ಅಲ್ಲಿಯೇ ಬಿಟ್ಟಿರಲಿಕ್ಕಿಲ್ಲ ಅಲ್ಲವಾ?” ಕಾಫಿ ಕುಡಿದದ್ದಾಯಿತು. “ಅದಕ್ಕೆ ನೀಲಿ ರಿಬ್ಬನ್ ಕಟ್ಟಿದ್ದು ನಾನಾ ನೀವಾ?” ನಿದ್ದೆ ಮಾಡಲು ನೋಡಿದೆವು. ಲಂಡನ್ನಿನ ವಿಮಾನ ಹತ್ತುವಾಗ ಅವಳು ಕಿಟಕಿಯಿಂದ ಕೆಳಗೆ ಬಗ್ಗಿ, ಬ್ಯಾಗು ತುಂಬುವ ಗಾಡಿಯನ್ನೇ ನೋಡುತ್ತಾ, ಊಟ ಬರುವ ತನಕ ಮಾತಾಡಲಿಲ್ಲ.

ಹೀಥ್ರೂವಿನಲ್ಲಿ ಎರಡೂ ಬ್ಯಾಗು ಬಂದವು. ಮಗಳು ಕಾರಿಗೆ ಹಾಕುತ್ತಾ ಗೆದ್ದವಳ ಹಾಗೆ ನಕ್ಕಳು. “ನೋಡಿದಿರಾ? ಸುಮ್ಮನೆ ತಲೆಬಿಸಿ ಮಾಡ್ತೀರಿ. ಆದರೆ ಅಮ್ಮ, ವಾಪಸು ಹೋಗುವಾಗ ಮಾತ್ರ ಮುಂಬೈಯಲ್ಲಿ ಬ್ಯಾಗು ತೆಗೀಲೇಬೇಕು. ಕಸ್ಟಮ್ಸ್ ಅಲ್ಲೇ ಆಗುವುದು. ಒಂದೇ ಟಿಕೆಟ್ ಇದ್ದರೂ ತಪ್ಪಿದ್ದಲ್ಲ.”

“ಆಗಲಿ, ಒಳ್ಳೆಯದೇ ಆಯ್ತು,” ಎಂದಳು ಇವಳು. “ಮಧ್ಯದಲ್ಲಿ ಒಮ್ಮೆ ನೋಡಿದ ಹಾಗೂ ಆಗ್ತದೆ.”