ಲೆಕ್ಕಕ್ಕೆ ಬಂದ ಕಿಮ್ಚಿ

ದಕ್ಷಿಣ ಕೊರಿಯಾದ ರಾಜಧಾನಿ ಸಿಯೋಲ್‌ನಲ್ಲಿ ನಿಮಗೊಂದು ಶುಕ್ರವಾರ ಸಿಕ್ಕಿದರೆ ಇಟೇವಾನ್‌ನ ಗುಡ್ಡ ಹತ್ತಿ. ಏರು ದಾರಿಯ ಬದಿಯಲ್ಲಿ ಹಲಾಲ್ ಮಾಂಸದ ಅಂಗಡಿಗಳು, ತುರ್ಕಿ, ಪಾಕಿಸ್ತಾನಿ, ಇಂಡೋನೇಷ್ಯನ್ ಹೋಟೆಲುಗಳು. ಮೇಲೆ ಎರಡು ಮಿನಾರಗಳ ಮಸೀದಿ. 1976ರಲ್ಲಿ ಬಾಗಿಲು ತೆರೆದ ಈ ಮಸೀದಿಗೆ ಜಾಗ ಕೊಟ್ಟದ್ದು ಅಲ್ಲಿನ ಸರಕಾರ, ಕಟ್ಟಲು ಹಣ ಬಂದದ್ದು ಮುಸ್ಲಿಮ್ ರಾಷ್ಟ್ರಗಳಿಂದ. 1950ರ ದಶಕದ ಯುದ್ಧಕ್ಕೆ ಬಂದ ತುರ್ಕಿ ಸೇನೆಯ ಇಮಾಮರ ಮೂಲಕ ಇಸ್ಲಾಮನ್ನು ಅರಿತ ಕೊರಿಯನ್ನರೇ ಅಲ್ಲಿನ ಇಂದಿನ ಮುಸ್ಲಿಮ್ ಸಮುದಾಯದ ಮೊದಲಿಗರು.

ನಮಾಝ್ ಮುಗಿಸಿ ಇಳಿದು, ಹಲಾಲ್ ಫಲಕವಿರುವ ಒಂದು ಕೊರಿಯನ್ ಹೋಟೆಲಿಗೆ ಹೋಗಿ ಕುಳಿತುಕೊಳ್ಳಿ. ನೀವು ಕೇಳಿದ್ದು ಒಂದೇ ಬಗೆಯ ಊಟ. ಆದರೆ ಅದು ಬರುವ ಮೊದಲೇ ಮೇಜಿನ ತುಂಬ ಪುಟ್ಟ ಪುಟ್ಟ ತಟ್ಟೆಗಳು ಬಂದು ಕೂರುತ್ತವೆ. ಬೇರೆಯವರದ್ದನ್ನು ತಪ್ಪಿ ತಂದರೇನೋ ಎಂದು ಗಾಬರಿಯಾಗಬೇಡಿ. ಇವುಗಳಿಗೆ ಬಾಂಚಾನ್ ಎನ್ನುತ್ತಾರೆ. ಇವಕ್ಕೆ ಬಿಲ್ಲಿನಲ್ಲಿ ಬೆಲೆಯಿಲ್ಲ. ಅವುಗಳಲ್ಲಿ ಕೆಂಪು ಕಾರ ಮೆತ್ತಿಕೊಂಡ, ಹುಳಿವಾಸನೆಯ ಕೋಸಿನ ತಟ್ಟೆಯೊಂದು ಇದ್ದೇ ಇರುತ್ತದೆ. ಅದೇ ಕಿಮ್ಚಿ. ತಟ್ಟೆ ಖಾಲಿಯಾದರೆ ಮತ್ತೆ ತಂದು ತುಂಬಿಸುತ್ತಾರೆ. ಅನ್ನದ ಜೊತೆ ನೀರು ಕೊಟ್ಟಷ್ಟೇ ಸಹಜವಾಗಿ.

ಈ ತಟ್ಟೆ 2010ರ ಶರತ್ಕಾಲದಲ್ಲಿ ಲೆಕ್ಕಕ್ಕೆ ಬಂತು.

ಆ ಕಥೆಗೆ ಮೊದಲು ಕೋಸಿನ ವಿಷಯ. ಕಿಮ್ಚಿಗೆ ಹಾಕುವುದು ನಾವು ಪಲ್ಯ ಮಾಡುವ ಉರುಟು ಕೋಸನ್ನಲ್ಲ. ಉದ್ದಕ್ಕೆ ಬೆಳೆಯುವ, ಸಡಿಲ ಎಲೆಗಳ, ನೀರಿನಂಶ ಹೆಚ್ಚಿರುವ ಬೇಚು ಎಂಬ ಜಾತಿ. ಇದಕ್ಕೆ ತಂಪು ಬೇಕು. ಕೊರಿಯಾದ ಬೇಸಿಗೆಯಲ್ಲಿ ಬಯಲು ಸೀಮೆಯ ಹೊಲಗಳಲ್ಲಿ ಅದು ಬದುಕುವುದಿಲ್ಲ. ಹಾಗಾಗಿ ಬೇಸಿಗೆಯ ನಡುವಿನಿಂದ ಶರತ್ಕಾಲದವರೆಗೆ ಇಡೀ ದೇಶ ಪೂರ್ವದ ಗಾಂಗ್‌ವಾನ್ ಪ್ರಾಂತ್ಯದ ಬೆಟ್ಟಗಳ ಕಡೆ ನೋಡುತ್ತದೆ. ಅಲ್ಲಿ ಆನ್‌ಬಾನ್‌ದೇಗಿ ಎಂಬ ಊರಿದೆ. ಸಮುದ್ರಮಟ್ಟದಿಂದ ಸುಮಾರು 1,100 ಮೀಟರ್ ಎತ್ತರ. 1965ರ ಹೊತ್ತಿಗೆ ಬಡವರು ಕಾಡು ಕಡಿದು, ಕಲ್ಲು ಹೆಕ್ಕಿ ಈ ಇಳಿಜಾರುಗಳನ್ನು ಹೊಲ ಮಾಡಿದರು. ಯಂತ್ರ ನಿಲ್ಲದಷ್ಟು ಕಡಿದಾದ ಕಡೆ ಎತ್ತು ಕಟ್ಟಿಯೇ ಉಳಬೇಕು. ಆಗಸ್ಟ್ ತಿಂಗಳಲ್ಲಿ ಹೋದರೆ ಕಣ್ಣು ಹಾಯುವಷ್ಟು ದೂರ ಹಸಿರು ಸಾಲುಗಳು, ಅವುಗಳ ಮೇಲೆ ಮಂಜು. ಚಿತ್ರ ತೆಗೆಯಲು ಬರುವ ಪ್ರವಾಸಿಗರೇನೂ ಕಡಿಮೆಯಿಲ್ಲ. ಆದರೆ ಅಷ್ಟು ಇಳಿಜಾರಿನಲ್ಲಿ ದಿನವಿಡೀ ಬಗ್ಗಿ ಕೋಸು ಕಡಿಯುವವರ ಸೊಂಟದ ಬಗ್ಗೆ ಆ ಚಿತ್ರಗಳು ಏನೂ ಹೇಳುವುದಿಲ್ಲ.

2010ರಲ್ಲಿ ವಸಂತದಲ್ಲೇ ಚಳಿ ಬಿಡಲಿಲ್ಲ. ಬೇಸಿಗೆ ಬಂದಾಗ ಸೆಖೆ ಮಿತಿ ಮೀರಿತು. ಆಮೇಲೆ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬಿಡದೆ ಸುರಿದ ಮಳೆ. ಸೆಪ್ಟೆಂಬರ್ ಆರಂಭದಲ್ಲಿ ಕೊಂಪಾಸು ಎಂಬ ಚಂಡಮಾರುತ ಬೇರೆ. ಕೋಸು ಹೊಲದಲ್ಲೇ ಕೊಳೆಯಿತು. ಎರಡು ಮೂರು ಸಾವಿರ ವೊನ್‌ಗೆ ಸಿಗುತ್ತಿದ್ದ ಒಂದು ಕೋಸಿನ ಬೆಲೆ ಸೆಪ್ಟೆಂಬರ್ ಕೊನೆಗೆ ಹತ್ತು ಸಾವಿರ ದಾಟಿತು. ಅಂದಿನ ಲೆಕ್ಕದಲ್ಲಿ ಸುಮಾರು 400 ರೂಪಾಯಿ, ಒಂದೇ ಒಂದು ಕೋಸಿಗೆ!

ಹೋಟೆಲುಗಳು ಎರಡನೇ ತಟ್ಟೆಗೆ ಹಣ ಕೇಳಿದವು. ಕೆಲವು ಕಡೆ ಮೊದಲ ತಟ್ಟೆಯೇ ಮಾಯವಾಗಿ ಮೂಲಂಗಿಯೋ ಸೌತೆಯೋ ಬಂತು. ಸಿಯೋಲ್ ನಗರಾಡಳಿತವು ಸುಮಾರು 3 ಲಕ್ಷ ಕೋಸುಗಳನ್ನು, ಬೆಲೆಯ ಶೇಕಡಾ 30ರಷ್ಟನ್ನು ತಾನೇ ಹೊತ್ತು, ಹಳೆಯ ಸಂತೆಗಳಲ್ಲಿ ಮಾರಿಸಿತು. ಗೃಹಿಣಿಯರು ಅವುಗಳಿಗಾಗಿ ಗಂಟೆಗಟ್ಟಲೆ ಸಾಲು ನಿಂತರು. ಚೀನಾದ ಕೋಸಿನ ಮೇಲಿದ್ದ ಶೇಕಡಾ 27ರ ಆಮದು ಸುಂಕವನ್ನು ಸರಕಾರ ಆ ವರ್ಷದ ಕೊನೆಯವರೆಗೆ ತೆಗೆದುಹಾಕಿತು. ಆಗಿನ ಅಧ್ಯಕ್ಷ ಲೀ ಮ್ಯುಂಗ್-ಬಾಕ್ ತಮ್ಮ ಊಟಕ್ಕೆ ಬೇಚು ಬದಲು ಉರುಟು ಕೋಸಿನ ಕಿಮ್ಚಿ ಬಡಿಸುವಂತೆ ಹೇಳಿದ್ದು ಸುದ್ದಿಯಾಯಿತು. ಜನ ಮೆಚ್ಚಲಿಲ್ಲ, ಸಿಟ್ಟಾದರು. ಉರುಟು ಕೋಸಿನ ಬೆಲೆಯೂ ಆಗ ಗಗನಕ್ಕೇರಿತ್ತು. ಅದು ಸಂತೆಗೆ ಹೋಗುವ ಯಾವ ಹೆಂಗಸನ್ನು ಕೇಳಿದ್ದರೂ ಹೇಳುತ್ತಿದ್ದಳು! ಅದೇ ಡಿಸೆಂಬರ್‌ನಲ್ಲಿ ನಮ್ಮಲ್ಲಿ ಈರುಳ್ಳಿ ಕಣ್ಣೀರು ತರಿಸಿದ್ದನ್ನು ನೆನಪಿಸಿಕೊಂಡರೆ ಆ ಸಿಟ್ಟು ನಿಮಗೆ ಅರ್ಥವಾದೀತು.

ಹಾಗಾದರೆ ಕೋಸು ಬೆಳೆದವನಿಗೆ ಲಾಭವಾಗಿರಬೇಕಲ್ಲ ಎಂದು ನೀವು ಕೇಳಬಹುದು. ಹೆಚ್ಚಿನವರಿಗೆ ಆಗಲಿಲ್ಲ. ಗಾಂಗ್‌ವಾನ್‌ನ ಬಹುಪಾಲು ಕೋಸು ಕಟಾವಿಗೆ ಮೊದಲೇ, ಹೊಲದಲ್ಲಿರುವಾಗಲೇ ವ್ಯಾಪಾರಿಗಳ ಪಾಲಾಗಿರುತ್ತದೆ. ಇಡೀ ಹೊಲಕ್ಕೆ ಇಂತಿಷ್ಟು ಎಂದು ಹಣ ಕೊಟ್ಟುಬಿಡುತ್ತಾರೆ. ಇದಕ್ಕೆ ಅಲ್ಲಿ ಬಾತ್ತೇಗಿ ಎಂದು ಹೆಸರು. ನಮ್ಮ ಮಲೆನಾಡಿನಲ್ಲಿ ಅಡಿಕೆ ತೋಟವನ್ನು ಚೇಣಿಗೆ ಕೊಡುತ್ತಾರಲ್ಲ, ಹೆಚ್ಚುಕಡಿಮೆ ಅದೇ ಬಗೆ. ಕೈಯಲ್ಲಿ ಕಾಸಿಲ್ಲದ ರೈತನಿಗೆ ಬೀಜ, ಗೊಬ್ಬರದ ಸಾಲ ತೀರಿಸಲು ಬೇರೆ ದಾರಿ ಇರುವುದಿಲ್ಲ.

ಮದೀನಾದಲ್ಲೂ ಇಂತಹ ರೂಢಿ ಇತ್ತು. ಖರ್ಜೂರ ಮರದಲ್ಲಿ ಕಾಯಿಯಾಗಿರುವಾಗಲೇ ಮಾರುತ್ತಿದ್ದರು. ಆಮೇಲೆ ಫಸಲಿಗೆ ರೋಗ ತಗುಲಿದರೆ ಜಗಳ. ಹಣ್ಣಿನ ಒಳಿತು ಕಣ್ಣಿಗೆ ಕಾಣುವವರೆಗೆ ಅದನ್ನು ಮಾರಬಾರದೆಂದು ಪ್ರವಾದಿ ಮುಹಮ್ಮದ್(ಸ) ತಡೆದರು. ಅಲ್ಲಾಹನು ಫಸಲನ್ನೇ ತಡೆದುಬಿಟ್ಟರೆ ಸಹೋದರನ ಹಣವನ್ನು ಯಾವ ಹಕ್ಕಿನಿಂದ ಇಟ್ಟುಕೊಳ್ಳುತ್ತೀರಿ ಎಂಬುದು ಅದರ ಹಿಂದಿನ ಪ್ರಶ್ನೆ. ಅಲ್ಲಿ ನಷ್ಟವಾಗುತ್ತಿದ್ದುದು ಕೊಂಡವನಿಗೆ. ಗಾಂಗ್‌ವಾನ್‌ನ ಬೆಟ್ಟಗಳಲ್ಲಿಯೂ ಕೊಳೆತ ಹೊಲ ಕೊಂಡ ವ್ಯಾಪಾರಿ ಮುಳುಗುತ್ತಾನೆ, ಉಳಿದ ಹೊಲ ಕೊಂಡವನಿಗೆ ಚಿನ್ನ ಸಿಕ್ಕಂತಾಗುತ್ತದೆ. ಮಾರಿದ ರೈತನಿಗೆ ಮಾತ್ರ ಎರಡೂ ಕಡೆ ಹಳೆಯ ಬೆಲೆಯೇ. ಕಾಣದ ಫಸಲಿನ ವ್ಯಾಪಾರದಲ್ಲಿ ಯಾರದ್ದಾದರೂ ಕೈ ಸುಡಲೇಬೇಕು.

ಈಗ ನಿಮ್ಮನ್ನು ನವೆಂಬರ್ ಕೊನೆಗೆ ಕರೆದೊಯ್ಯುತ್ತೇನೆ. ಹಿಮ ಬೀಳುವ ಮೊದಲು ಇಡೀ ಚಳಿಗಾಲಕ್ಕಾಗುವಷ್ಟು ಕಿಮ್ಚಿ ಹಾಕಿಡುವ ಕೆಲಸಕ್ಕೆ ಕಿಮ್‌ಜಾಂಗ್ ಎನ್ನುತ್ತಾರೆ. ಯುನೆಸ್ಕೋ 2013ರಲ್ಲಿ ಇದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಾಲ್ಕು ಜನರ ಮನೆಗೆ ಇಪ್ಪತ್ತು ಕೋಸು ಎಂಬುದು ಅಲ್ಲಿನ ಲೆಕ್ಕ. ಕೋಸನ್ನು ಸೀಳಿ, ಹರಳು ಉಪ್ಪು ಹಾಕಿ ರಾತ್ರಿಯಿಡೀ ಇಡುತ್ತಾರೆ. ಬೆಳಿಗ್ಗೆ ತೊಳೆದು ನೀರು ಬಸಿಯುತ್ತಾರೆ. ಮೆಣಸಿನ ಪುಡಿ, ಬೆಳ್ಳುಳ್ಳಿ, ಶುಂಠಿ, ಮೂಲಂಗಿಯ ಎಳೆಗಳು, ಉಪ್ಪು ಹಾಕಿ ಕೊಳೆಸಿದ ಸಿಗಡಿ, ಅಕ್ಕಿಯ ಗಂಜಿ ಎಲ್ಲ ಕಲಸಿ, ಒಂದೊಂದು ಎಲೆಯ ನಡುವೆಯೂ ಕೈಯಿಂದ ಹಚ್ಚುತ್ತಾರೆ. ಹಿಂದೆ ಮಣ್ಣಿನ ಭರಣಿಗಳಲ್ಲಿ ತುಂಬಿ ಅಂಗಳದಲ್ಲಿ ಹೂಳುತ್ತಿದ್ದರು. ಅಪಾರ್ಟ್‌ಮೆಂಟುಗಳು ಬಂದು ಅಂಗಳ ಹೋಯಿತು. ಈಗ ಕಿಮ್ಚಿಗೆಂದೇ ಬೇರೆ ಫ್ರಿಜ್ ಇದೆ.

ಒಬ್ಬಳಿಂದ ಆಗುವ ಕೆಲಸವಲ್ಲ ಇದು. ಅತ್ತೆ, ಸೊಸೆ, ಮಗಳು, ನೆರೆಯವರು ಎಲ್ಲ ಸೇರಬೇಕು. ಬಂದವರೆಲ್ಲ ಒಂದೊಂದು ಡಬ್ಬಿ ಹಿಡಿದುಕೊಂಡೇ ಹೋಗುತ್ತಾರೆ. ಹಾಕಲಾಗದ ಮುದುಕರಿಗೆ, ಒಬ್ಬಂಟಿಗರಿಗೆ ಒಂದು ಪಾಲು ಮೊದಲೇ ತೆಗೆದಿಡುತ್ತಾರೆ. ಒಂದು ಮನೆಯ ಕಿಮ್ಚಿಯ ಹಾಗೆ ಇನ್ನೊಂದು ಮನೆಯದ್ದಿಲ್ಲ. ಅದಕ್ಕೆ ಅವರು ಹೇಳುವ ಮಾತು ಸೋನ್‌ಮಾತ್. ಸೋನ್ ಅಂದರೆ ಕೈ, ಮಾತ್ ಅಂದರೆ ರುಚಿ. ನಮ್ಮ ಕೈರುಚಿಯೇ! ಎಲ್ಲ ಸರಿ, ಆದರೆ ಆ ದಿನ ಸೊಸೆಯಂದಿರ ಬೆನ್ನು ಮುರಿಯುವುದೂ ನಿಜ. ಗಂಡಸರೂ ಕೈ ಹಚ್ಚಲಿ ಎಂಬ ಮಾತು ಅಲ್ಲಿಯೂ ಇದೆ.

ನಿಮಗೊಂದು ಎಚ್ಚರಿಕೆ. ಕಿಮ್‌ಜಾಂಗ್ ದಿನ ದುಡಿದವರಿಗೆ ಹಂದಿಮಾಂಸ ಬೇಯಿಸಿ ಬಡಿಸುವ ರೂಢಿಯಿದೆ. ಕಿಮ್ಚಿಯ ಸಾರಿಗೂ ಅದನ್ನೇ ಹಾಕುವವರು ಹೆಚ್ಚು. ಆದ್ದರಿಂದ ಕೇಳದೆ ತಿನ್ನಬೇಡಿ. ಸಿಗಡಿಯ ವಿಷಯದಲ್ಲಿ ಕರಾವಳಿಯ ಸಹೋದರಿಯರಿಗೆ ನಾನು ಹೇಳಬೇಕಾದ್ದೇನೂ ಇಲ್ಲ. ಹನಫಿ ಮನೆಯವರು ತಮ್ಮ ಹಿರಿಯರ ಅಭಿಪ್ರಾಯದಂತೆ ನಡೆಯಲಿ.

2010ರ ಅಕ್ಟೋಬರ್‌ನಲ್ಲಿ ತಾಯಂದಿರು ಇಪ್ಪತ್ತು ಕೋಸಿಗೆ ಎರಡು ಲಕ್ಷ ವೊನ್ ಎಂದು ಗುಣಿಸಿ ಕುಳಿತಿದ್ದರು. ಅದೂ ಬೆಳ್ಳುಳ್ಳಿ, ಮೆಣಸು ಸೇರಿಸದೆ. ಯಾರನ್ನು ಕರೆಯುವುದು, ಯಾರಿಗೆ ಕೊಡುವುದು, ಯಾರನ್ನು ಬಿಡುವುದು? ಬೆಲೆಯೇರಿಕೆ ಸಂಬಂಧಗಳಿಗೆ ತಟ್ಟುವುದು ಹೀಗೆ. ಅವರ ಪುಣ್ಯ, ನವೆಂಬರ್ ಹೊತ್ತಿಗೆ ಬಯಲಿನ ಹೊಸ ಕೋಸು ಬಂದು ಬೆಲೆ ಇಳಿಯಿತು. ಆದರೆ ಆ ಬೆಲೆ ನೋಡಿ ಆಸೆಪಟ್ಟವರೆಲ್ಲ ಕೋಸು ಬಿತ್ತಿದರು. 2011ರ ವಸಂತದಲ್ಲಿ ಬೆಲೆ ನೆಲ ಕಚ್ಚಿತು, ರೈತರು ನಿಂತ ಬೆಳೆಯನ್ನೇ ಉತ್ತು ಮಣ್ಣಿಗೆ ಸೇರಿಸಿದರು.

ಅದು ಅಲ್ಲಿಗೆ ಮುಗಿದ ಕಥೆಯೂ ಅಲ್ಲ. 2024ರ ಬೇಸಿಗೆ ಕೊರಿಯಾದಲ್ಲಿ 1973ರಿಂದೀಚೆಗಿನ ಅತಿ ಬಿಸಿಯ ಬೇಸಿಗೆ. ಬೆಟ್ಟದ ಮೇಲಿನ ತಂಪೂ ಉಳಿಯಲಿಲ್ಲ. ಸೆಪ್ಟೆಂಬರ್‌ನಲ್ಲಿ ಕೋಸಿನ ಬೆಲೆ ಮತ್ತೆ ಹತ್ತು ಸಾವಿರ ವೊನ್‌ನ ಹತ್ತಿರಕ್ಕೆ ಹೋಯಿತು, ಸರಕಾರ ಮತ್ತೆ ಚೀನಾದಿಂದ ಕೋಸು ತರಿಸಿತು. ಬೆಟ್ಟದ ಕೋಸಿನ ಹೊಲಗಳು ಇಪ್ಪತ್ತು ವರ್ಷಗಳ ಹಿಂದಿನ ಅರ್ಧಕ್ಕಿಂತಲೂ ಕಡಿಮೆಯಾಗಿವೆ. ಆ ಒಂದೇ ವರ್ಷ ಹೊರಗಿನಿಂದ ಬಂದ ತಯಾರು ಕಿಮ್ಚಿ 3 ಲಕ್ಷ ಟನ್‌ಗೂ ಹೆಚ್ಚು. ಹೆಚ್ಚುಕಡಿಮೆ ಎಲ್ಲವೂ ಚೀನಾದ್ದು.

ಇಟೇವಾನ್‌ನ ಹೋಟೆಲಿನಲ್ಲಿ ಊಟ ಮುಗಿಸಿ ಏಳುವಾಗ ಗೋಡೆಯ ಕಡೆ ಒಮ್ಮೆ ನೋಡಿ. ಪದಾರ್ಥ ಎಲ್ಲಿಯದೆಂದು ಬರೆದು ಹಾಕಬೇಕೆಂಬ ಕಾನೂನು ಅಲ್ಲಿದೆ. ಅಕ್ಕಿ ಎಲ್ಲಿಯದು, ಮಾಂಸ ಎಲ್ಲಿಯದು ಎಂಬುದರ ಜೊತೆಗೆ ಕಿಮ್ಚಿಗೆ ಎರಡು ಸಾಲು ಇರುತ್ತದೆ: ಕೋಸು ಎಲ್ಲಿಯದು, ಮೆಣಸಿನ ಪುಡಿ ಎಲ್ಲಿಯದು. ಬಹಳಷ್ಟು ಹೋಟೆಲುಗಳಲ್ಲಿ ಆ ಎರಡೂ ಸಾಲುಗಳಲ್ಲಿ ಚೀನಾ ಎಂದಿರುತ್ತದೆ.