ಒಳಗಿನ ಹೊಲಿಗೆ

ಆಗಸ್ಟ್ 23, 2025, ಶನಿವಾರ. ಬ್ರಿಸ್ಟಲ್

ಮಗಳ ಸ್ಟೇಸ್ ಕಡೆಗೂ ಮೈಗೆ ಸರಿಯಾಗಿ ಕೂತಿತು. ಇಂಗ್ಲಿಷ್ ಕಾದಂಬರಿಕಾರ್ತಿ ಜೇನ್ ಆಸ್ಟಿನ್ ಕಾಲದ ಹೆಂಗಸರು ಗೌನಿನ ಒಳಗೆ ತೊಡುತ್ತಿದ್ದ ಬಿಗಿ ಅಂಗಿ ಅದು. ಎದೆಯ ನಡುವೆ ಉದ್ದಕ್ಕೆ ಒಂದು ಮರದ ಪಟ್ಟಿ, ಪಕ್ಕಗಳಿಗೆ ತಿಮಿಂಗಿಲದ ಬಾಯಿಂದ ತೆಗೆದ ಸಣ್ಣ ಪಟ್ಟಿಗಳು. ನಾವು ತಿಮಿಂಗಿಲದ ಬದಲು ಹಾಕಿದ್ದು ಹಾರ್ಡ್‌ವೇರ್ ಅಂಗಡಿಯ ಕೇಬಲ್ ಟೈ. ತಲೆ ಕತ್ತರಿಸಿ, ತುದಿಯನ್ನು ದೀಪಕ್ಕೆ ಹಿಡಿದು ದುಂಡಗೆ ಮಾಡಿಕೊಂಡರೆ ಬಟ್ಟೆ ಚುಚ್ಚುವುದಿಲ್ಲ. ತೊಟ್ಟು ಸ್ವಲ್ಪ ಹೊತ್ತಾದರೆ ಮೈಯ ಬಿಸಿಗೆ ಬಾಗಿಕೊಂಡು ಅವರವರ ಆಕಾರಕ್ಕೆ ಬರುತ್ತದೆ.

ಈ ಉಪಾಯ ಅವಳಿಗೆ ಸಿಕ್ಕಿದ್ದು ಕಾಸ್‌ಪ್ಲೇ, ಅಂದರೆ ಕಥೆ, ಗೇಮುಗಳ ಪಾತ್ರಗಳ ವೇಷ ಹಾಕುವ ಗೆಳತಿಯರಿಂದ. ಯಾವುದೋ ಗೇಮಿನ ಯೋಧೆಯ ವೇಷಕ್ಕೆಂದು ಫೋಮ್ ಕತ್ತರಿಸುತ್ತಾ ಕೂತಿದ್ದ ಹುಡುಗಿ, ಆ ಯೋಧೆ ಕವಚದಡಿ ಕಾರ್ಸೆಟ್ ತೊಟ್ಟಿದ್ದಾಳೆ ಅಂತ ಹೊಲಿಗೆಗೆ ಇಳಿದಳು. ಕಾರ್ಸೆಟ್ಟಿನಿಂದ ಜಾನೆಟ್ ಆರ್ನಲ್ಡ್ ಪುಸ್ತಕಕ್ಕೆ ಹೋದಳು. ಆರ್ನಲ್ಡ್ ನಮ್ಮ ಬ್ರಿಸ್ಟಲ್ಲಿನಲ್ಲೇ ಹುಟ್ಟಿದಾಕೆ. ಉಳಿದುಬಂದ ಹಳೆಯ ಉಡುಪುಗಳನ್ನು ಒಂದೊಂದಾಗಿ ಅಳೆದು, ಒಂದು ಇಂಚಿಗೆ ಎಂಟನೇ ಒಂದು ಇಂಚಿನ ಲೆಕ್ಕದಲ್ಲಿ ಚೌಕಗಳ ಮೇಲೆ ಬರೆದಿಟ್ಟಳು. ಮೊದಲ ಸಂಪುಟ ಬಂದದ್ದು 1964ರಲ್ಲಿ. ಆ ಚೌಕಗಳನ್ನು ದೊಡ್ಡದು ಮಾಡಿ ಕಾಗದಕ್ಕಿಳಿಸಿ, ನಡುಮನೆಯ ನೆಲದ ತುಂಬ ಹರಡಿಕೊಂಡು ಕೂತಿದ್ದಾಳೆ ನಮ್ಮವಳು. ಕಾಫಿ ಲೋಟ ಇಡಲು ಜಾಗವಿಲ್ಲ.

ಆಗಸ್ಟ್ 24, ಭಾನುವಾರ

ನನಗೆ ಕಾಸ್‌ಪ್ಲೇ ಮೇಲೆ ಗೌರವ ಬಂದದ್ದು ಅವಳ ಸ್ಪರ್ಧೆಯೊಂದಕ್ಕೆ ಜೊತೆಗೆ ಹೋದಾಗ. ವೇದಿಕೆಗೆ ಹತ್ತುವ ಮುಂಚೆಯೇ ತೀರ್ಪುಗಾರರು ಒಬ್ಬೊಬ್ಬರನ್ನೂ ಕರೆದು ಕೂರಿಸಿಕೊಂಡರು. ಅಂಗಿಯ ಅಂಚು ಹೊರಳಿಸಿ ಒಳಮೈ ನೋಡಿದರು. ಅಸ್ತರ ಹೇಗೆ ಕೊಟ್ಟಿದ್ದೀಯ, ದಾರ ಬಿಟ್ಟುಕೊಳ್ಳದ ಹಾಗೆ ಅಂಚು ಹೇಗೆ ಮಡಿಸಿದೆ, ಈ ಕಾಜಾ ಕೈಯಲ್ಲಿ ಮಾಡಿದ್ದೋ ಮಿಷನ್ನಿನಲ್ಲೋ ಅಂತ ಪ್ರಶ್ನೆ. ಗದಗಿನಲ್ಲಿ ಅವ್ವನ ಹತ್ತಿರ ಹೊಲಿಗೆ ಕಲಿತ ಕಾಲದಿಂದ ಈವರೆಗೆ ನಾನು ಹೊಲಿದ ರವಿಕೆಯ ಒಳಮೈಯನ್ನು ಯಾವ ಗಿರಾಕಿಯೂ ಹೀಗೆ ನೋಡಿದ್ದಿಲ್ಲ.

ಹಳೆಯ ಉಡುಪು ಹೊಲಿಯುವವರು ಕಾಸ್‌ಪ್ಲೇಯಿಂದ ಇಷ್ಟೆಲ್ಲ ಕಲಿತಿದ್ದರೂ, ಆ ಉಡುಪಿನ ಪಂಡಿತರು ಈ ಸಾಲವನ್ನು ಒಪ್ಪಿಕೊಳ್ಳುವುದಿಲ್ಲ. ಕಾಸ್‌ಪ್ಲೇ ಎಂದರೆ ಅವರಿಗೆ ಪಾಲಿಯೆಸ್ಟರು, ಅಂಟು, ಜಿಪ್ಪು. ಇದೂ ಹಳೆಯ ಕಸುಬೇ ಎನ್ನುವುದನ್ನು ಮರೆಯುತ್ತಾರೆ. 1939ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೊದಲ ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನಕ್ಕೆ ಫಾರೆಸ್ಟ್ ಆಕರ್‌ಮನ್ ಭವಿಷ್ಯದ ಮನುಷ್ಯನ ವೇಷದಲ್ಲಿ ಬಂದ ಅಂತ ಎಲ್ಲರೂ ಬರೆಯುತ್ತಾರೆ. ಅವನ ಉಡುಪನ್ನೂ ತನ್ನದನ್ನೂ ಹೊಲಿದವಳು ಜೊತೆಗೆ ಬಂದಿದ್ದ ಮರ್ಟಲ್ ಡಗ್ಲಸ್. ಹೊಲಿದವಳ ಹೆಸರು ಎರಡನೆಯದಾಗಿ ಬರುವುದು ನಮ್ಮ ಕಸುಬಿಗೆ ಹೊಸದೇನಲ್ಲ.

ವ್ಯಾಪಾರಸ್ಥರಿಗೆ ಮಾತ್ರ ಬೇಗ ಅರ್ಥವಾಯಿತು. ಹೊಲಿಗೆಯ ಪ್ಯಾಟರ್ನ್ ಮಾರುವ ಮೆಕಾಲ್ಸ್ ಕಂಪನಿ 2015ರಲ್ಲಿ ಕಾಸ್‌ಪ್ಲೇಗೆಂದೇ ಪ್ರತ್ಯೇಕ ಸಾಲು ತೆಗೆಯಿತು. ಸಿಂಪ್ಲಿಸಿಟಿಯವರು ಚಾರಿತ್ರಿಕ ಪಾದರಕ್ಷೆ ಮಾಡುವ ಅಮೆರಿಕನ್ ಡಚೆಸ್ ಜೊತೆ ಸೇರಿ 18ನೇ ಶತಮಾನದ ಗೌನು, ಒಳಉಡುಪುಗಳ ಪ್ಯಾಟರ್ನ್ ತಂದರು. ಮನೆಯಲ್ಲಿ ಹೊಲಿಯುವವರು ತಾವಾಗಿ ತಮ್ಮ ಮುತ್ತಜ್ಜಿಯ ಕಾಲಕ್ಕೆ ಹೊರಳಿದ್ದರೆ ಈ ಕಂಪನಿಗಳು ಅಷ್ಟು ಬೇಗ ಎಚ್ಚೆತ್ತುಕೊಳ್ಳುತ್ತಿರಲಿಲ್ಲ.

ಆಗಸ್ಟ್ 27, ಬುಧವಾರ. ಗಣೇಶ ಚೌತಿ

ಕಡುಬು ಬೇಯುವಾಗ ಅವ್ವನಿಗೆ ವಿಡಿಯೋ ಕಾಲ್. ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಬಿಳಿ ಸೀರೆ, ಪಕ್ಕದಲ್ಲಿ ಕತ್ತರಿ ಎರಡೂ ಕಣ್ಣಿಗೆ ಬಿದ್ದವು. "ಉಡೂ ಸೀರಿಗೆ ಕತ್ತರಿ ಹಚ್ಚತೀರೇನs? ಹಬ್ಬದ ದಿನ?" ಅಂದಳು. ಮಗಳು ಮೊದಲು ಕಣ್ಣಿಟ್ಟಿದ್ದು ನನ್ನ ಇಳಕಲ್ ಸೀರೆಯ ಮೇಲೆ ಅಂತ ಹೇಳಲಿಲ್ಲ. ಇಳಕಲ್ಲಿನ ಮೈ ದಪ್ಪ. ಎದೆಯ ಕೆಳಗೆ ನಿರಿಗೆ ಹಿಡಿದರೆ ಉಬ್ಬಿ ನಿಲ್ಲುತ್ತದೆ. ಸ್ಟೇಸ್ ಮೇಲೆ ತೊಡಲು ಹೊಲಿಯುತ್ತಿರುವ ಈ ಆಸ್ಟಿನ್ ಕಾಲದ ಗೌನು ನೀರಿನ ಹಾಗೆ ಇಳಿಯಬೇಕು. ಅದಕ್ಕೇ ಗೆಳತಿ ಕೋಲ್ಕತ್ತಾದಿಂದ ತಂದುಕೊಟ್ಟಿದ್ದ ಜಾಮ್‌ದಾನಿಯನ್ನು ತೆಗೆದೆ.

ಹಾಗೆ ನೋಡಿದರೆ ಜಾಮ್‌ದಾನಿ ಇಲ್ಲಿ ಪರಕೀಯವಲ್ಲ; ಅದೂ ಬಂಗಾಳದ ಮಸ್ಲಿನ್ನಿನದೇ ಒಂದು ಬಗೆ. ಆ ಕಾಲದ ಇಂಗ್ಲೆಂಡಿನ ಬಿಳಿ ಗೌನುಗಳಿಗೆ ಬಂಗಾಳದ ಮಸ್ಲಿನ್ ಎಂದರೆ ಪ್ರಾಣ. ಆಸ್ಟಿನ್ನಳ 'ನಾರ್ಥಾಂಗರ್ ಅಬಿ'ಯಲ್ಲಿ ಹೆನ್ರಿ ಟಿಲ್ನಿ ಬಾತ್ ಊರಿನ ನೃತ್ಯಶಾಲೆಯಲ್ಲಿ ನಿಂತು, ತಂಗಿಗೆ ಅಪ್ಪಟ ಇಂಡಿಯಾ ಮಸ್ಲಿನ್ ಅನ್ನು ಗಜಕ್ಕೆ ಐದೇ ಶಿಲ್ಲಿಂಗಿಗೆ ತಂದೆ ಅಂತ ಹೆಮ್ಮೆಪಡುತ್ತಾನೆ. ಇದನ್ನೆಲ್ಲ ಹೇಳಿದರೂ ಅವ್ವ ಕರಗಲಿಲ್ಲ. ಅಂಚನ್ನು ಕತ್ತರಿಸದೆ ಗೌನಿನ ಕೆಳತುದಿಗೆ ಹಾಗೇ ಬಿಟ್ಟಿದ್ದೇವೆ ಅಂದಾಗ, "ಅಷ್ಟರ ಬುದ್ಧಿ ಐತಲ್ಲ" ಅಂತ ಫೋನಿಟ್ಟಳು.

ಸೆಪ್ಟೆಂಬರ್ 3, ಬುಧವಾರ

ವಿಶ್ವವಿದ್ಯಾಲಯದ ಚೀನೀ ಹುಡುಗಿಯೊಬ್ಬಳು ಲಂಗ ಗಿಡ್ಡ ಮಾಡಿಸಲು ತಂದಳು. ಲಂಗದ ಹೆಸರು ಮಾಮ್ಯಾನ್‌ಚುನ್. ಮಿಂಗ್ ಕಾಲದ ಕಟ್ಟು: ಒಂದೇ ನಡುಪಟ್ಟಿಗೆ ಹೊಲಿದ ಎರಡು ಅಗಲ ತುಂಡುಗಳು ಒಂದರ ಮೇಲೊಂದು ಬರುತ್ತವೆ. ಹಿಂದೆ ಮುಂದೆ ಮಟ್ಟಸ, ಪಕ್ಕಕ್ಕೆಲ್ಲ ನಿರಿಗೆ. ಕೆಳಗೆ ಜರಿಯಂಚು ಇದ್ದುದರಿಂದ ಕೆಳಗಿನಿಂದ ಮಡಿಸುವ ಹಾಗಿಲ್ಲ. ನಡುಪಟ್ಟಿ ಬಿಚ್ಚಿ ಮೇಲಿನಿಂದಲೇ ತೆಗೆಯಬೇಕು. ಹೆಚ್ಚು ಕೂಲಿ ಕೇಳಿದೆ, ಒಪ್ಪಿದಳು.

ಕಾಸ್‌ಪ್ಲೇಗಾ ಅಂತ ನಾನು ಕೇಳಿದ್ದೇ ತಡ, ಮುಖ ಬಿಗಿಯಿತು. ಇದು ವೇಷವಲ್ಲ, ನಮ್ಮ ಬಟ್ಟೆ ಅಂದಳು. ಹಾನ್‌ಫು, ಅಂದರೆ ಚೀನೀಯರ ಸಾಂಪ್ರದಾಯಿಕ ಉಡುಪು ತೊಡುವವರಿಗೆ ಇದು ಹಳೆಯ ಗಾಯ. 2003ರಲ್ಲಿ ವಾಂಗ್ ಲೆತಿಯನ್ ಎಂಬಾತ ಜೆಂಗ್‌ಝೌ ನಗರದ ಬೀದಿಯಲ್ಲಿ ಹಾನ್‌ಫು ತೊಟ್ಟು ನಡೆದ. ಹಾನ್‌ಫುವನ್ನು ಮತ್ತೆ ತೊಡುವ ಚಳವಳಿ ಶುರುವಾಗಿದ್ದು ಅಲ್ಲಿಂದ ಎನ್ನುತ್ತಾರೆ. ಅಂದಿನಿಂದಲೂ ನೋಡಿದವರೆಲ್ಲ ಕಿಮೋನೊ ಅಂತಲೋ ನಾಟಕದ ವೇಷ ಅಂತಲೋ ಅನ್ನುವುದು. 2022ರಲ್ಲಿ ಇದೇ ಲಂಗವನ್ನು ಹೋಲುವ ಒಂದನ್ನು ಡಿಯೋರ್ ಕಂಪನಿ ತನ್ನದೇ ವಿನ್ಯಾಸದಂತೆ ಮಾರಿದಾಗ ಪ್ಯಾರಿಸ್ಸಿನಲ್ಲಿ ಚೀನೀ ವಿದ್ಯಾರ್ಥಿಗಳು ಅಂಗಡಿಯ ಮುಂದೆ ಪ್ರತಿಭಟಿಸಿದರು. ಅವಳ ಸಿಟ್ಟು ನ್ಯಾಯವಾದದ್ದೇ.

ಆದರೆ ಈ ಬಟ್ಟೆ ರಾಶಿರಾಶಿಯಾಗಿ ಬರುವ ಊರುಗಳಲ್ಲಿ ಶಾಂಡಾಂಗ್ ಪ್ರಾಂತ್ಯದ ತ್ಸಾವೊಶಿಯನ್ ಮುಖ್ಯವಾದದ್ದು. ಅಲ್ಲಿನವರು ಮೊದಲು ಹೊಲಿಯುತ್ತಿದ್ದುದು ನಾಟಕ, ನೃತ್ಯಗಳ ಉಡುಪು. ಮಗಳು ಟೀ ತಂದು ಕೊಟ್ಟು ಮಾತಿಗೆಳೆದಾಗ, ಆ ಹುಡುಗಿಯೂ ಶಾಲೆಯಲ್ಲಿದ್ದಾಗ ಅನಿಮೆ ವೇಷ ಹಾಕುತ್ತಿದ್ದವಳೇ ಅಂತ ಗೊತ್ತಾಯಿತು. ವಿಗ್ಗು ಕೂರಿಸುವುದು, ಕ್ಯಾಮೆರಾ ಮುಂದೆ ನಿಲ್ಲುವುದು, ಬಸ್ಸಿನಲ್ಲಿ ಜನ ದಿಟ್ಟಿಸಿದರೆ ತಲೆ ಕೆಡಿಸಿಕೊಳ್ಳದಿರುವುದು ಅಲ್ಲೇ ಕಲಿತದ್ದಂತೆ. ಹೀಗೆ ಹೇಳಿ ನಕ್ಕಳು. ನಾನು ಇನ್ನೇನೂ ಕೇಳಲಿಲ್ಲ.

ಸೆಪ್ಟೆಂಬರ್ 13, ಶನಿವಾರ. ಬಾತ್

ಜೇನ್ ಆಸ್ಟಿನ್ ಉತ್ಸವದ ಮೆರವಣಿಗೆ. ಆಕೆ ಹುಟ್ಟಿ 250 ವರ್ಷವಾಗುತ್ತಿದೆ ಅಂತ ಈ ಸಲ ಜಾತ್ರೆ ಜೋರು. 2009ರಲ್ಲಿ 409 ಮಂದಿ ಆ ಕಾಲದ ಉಡುಪಿನಲ್ಲಿ ಸೇರಿ ಗಿನ್ನೆಸ್ ದಾಖಲೆ ಮಾಡಿದ್ದರು. ಇವತ್ತು ಅದು ಯಾವ ಲೆಕ್ಕಕ್ಕೂ ಬರುವುದಿಲ್ಲ. ಕೆಂಪು ಕೋಟಿನ ಸೈನಿಕರು, ಬಾನೆಟ್ ಕಟ್ಟಿದ ಅಜ್ಜಿಯರು, ಗೌನಿನಡಿ ಸ್ನೀಕರ್ ಹಾಕಿದ ಹುಡುಗಿಯರು.

ಒಂದು ಕಡೆ ಬಣ್ಣಬಣ್ಣದ ಹೊಳೆಯುವ ಸ್ಯಾಟಿನ್. ಅದು 2020ರ ಡಿಸೆಂಬರಿನಲ್ಲಿ ಬಂದ 'ಬ್ರಿಜರ್ಟನ್' ಸರಣಿಯ ಪ್ರಭಾವ. ಅದರ ಹೊರಾಂಗಣ ಚಿತ್ರೀಕರಣವೂ ರಾಯಲ್ ಕ್ರೆಸೆಂಟ್ ಎದುರು, ಇದೇ ಊರಿನಲ್ಲಿ ಆಗಿತ್ತು. ಇನ್ನೊಂದು ಕಡೆ ಬಿಳಿ ಮಸ್ಲಿನ್, ಕೈಹೊಲಿಗೆ, ಮೂಗಿನ ತುದಿಗೆ ಇಳಿದ ಕನ್ನಡಕ. ಆ ಗುಂಪಿನ ಒಬ್ಬರು ಮಗಳ ಬೆನ್ನನ್ನು ಪರೀಕ್ಷಿಸಿದರು. ಆ ಕಾಲದ ಕಟಿಂಗಿನ ಗುಟ್ಟು ಬೆನ್ನಿನಲ್ಲೇ ಇದೆ: ಬೆನ್ನಿನ ತುಂಡು ತೀರಾ ಕಿರಿದು, ತೋಳನ್ನು ಭುಜದ ತುದಿಗೆ ಕೂಡಿಸದೆ ಬಹಳ ಹಿಂದಕ್ಕೆ ಕೂಡಿಸುತ್ತಾರೆ. ತೊಟ್ಟವರ ಭುಜ ತಾನಾಗಿ ಹಿಂದೆ ಸರಿದು ಎದೆ ನೆಟ್ಟಗಾಗುತ್ತದೆ. ಅದು ಸರಿಯಾಗಿದೆ ಅಂತ ತಲೆಯಾಡಿಸಿ, ಎಲ್ಲಿ ಕಲಿತೆ ಅಂದರು. ಕಾಸ್‌ಪ್ಲೇನಲ್ಲಿ ಅಂದಳು. "ಓ," ಅಂದರು. ಆ "ಓ"ದಲ್ಲಿ ಅರ್ಧ ಮೆಚ್ಚುಗೆ ಅಲ್ಲೇ ಆರಿಹೋಯಿತು.

ಬಿಸಿಲಿಗೆ ಸುತ್ತಾಡಿ ಕಾಲು ನೋವು. ಬನ್ನು, ಟೀ, ರೈಲಿನಲ್ಲಿ ಮಗಳು ಗೌನಿನಲ್ಲೇ ನಿದ್ದೆ.

ಸೆಪ್ಟೆಂಬರ್ 16, ಮಂಗಳವಾರ

ಮಗಳ ಫೋಟೋ ನೋಡಿ ಅವಳ ಗೆಳತಿಯಿಂದ ಗೌನಿಗೆ ಆರ್ಡರ್. ಅಕ್ಟೋಬರಿನ ಲಂಡನ್ ಕಾಮಿಕ್ ಕಾನ್‌ಗೆ ಬೇಕಂತೆ. ಆಸ್ಟಿನ್ ಕಾಲದ ಗೌನು, ಆದರೆ ಪಾತ್ರ ರಕ್ತ ಕುಡಿಯುವ ಪಿಶಾಚಿಯದು. ಸರಿ, ಬಿಳಿಗಿಂತ ಕಡುಕೆಂಪು ಹೊಲಿಯುವುದು ಸುಲಭ, ಕಲೆ ಕಾಣುವುದಿಲ್ಲ.

ಅವಳ ಷರತ್ತು ಒಂದೇ: ಜೇಬು. ಮೊಬೈಲ್ ಎಲ್ಲಿಡಲಿ ಅಂತ. ಪಂಡಿತರನ್ನು ಕೇಳಿದರೆ ಈ ಗೌನಿಗೆ ಜೇಬಿಲ್ಲ, ಕೈಚೀಲವೇ ಸರಿ ಎನ್ನುತ್ತಾರೆ. ಅದಕ್ಕಿಂತ ಹಿಂದಿನವರು ಅಗಲ ಲಂಗದಡಿ ಸೊಂಟಕ್ಕೆ ಜೇಬಿನ ಚೀಲ ಕಟ್ಟಿಕೊಂಡು, ಪಕ್ಕದ ಸೀಳಿನಿಂದ ಕೈ ಹಾಕುತ್ತಿದ್ದರು. ಆ ಸೀಳನ್ನೇ ಇಲ್ಲಿ ನಿರಿಗೆಯ ಮರೆಯಲ್ಲಿ ಬಿಡಬಹುದು. ಚೀಲಕ್ಕೆ ಜಾಮ್‌ದಾನಿಯ ಮಿಕ್ಕ ಸೆರಗಿನ ತುಂಡು ಸಾಕು. ನಾಳೆ ಅಳತೆಗೆ ಬರುತ್ತಾಳೆ; ಮುಂಗಡ ಇಸಕೊಳ್ಳದೆ ಕತ್ತರಿ ಹಿಡಿಯುವುದಿಲ್ಲ.