ಗುಲಗಂಜಿ ತೂಕದ ತಪ್ಪು

ಮೈಸೂರಿನಿಂದ ಚಾಮರಾಜನಗರದ ಕಡೆಗೆ ಹೊರಡುವ ರೈಲಿನಲ್ಲಿ ರಜೆಯ ದಿನಗಳಂದು ಎರಡು ಬಗೆಯ ಯಾತ್ರಿಕರನ್ನು ಕಾಣಬಹುದು. ಹಣ್ಣುಕಾಯಿಯ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು, ಮುಡಿ ಕೊಡಿಸಬೇಕಾದ ಮಗುವನ್ನು ಸಂತೈಸುತ್ತ ಕುಳಿತ ಸಂಸಾರವಂದಿಗರದು ಒಂದು ಬಗೆ. ಬೆನ್ನಿಗೆ ಚೀಲ ತಗುಲಿಸಿಕೊಂಡು, ನಿದ್ದೆಗಣ್ಣಿನಲ್ಲಿಯೇ ಒಬ್ಬರನ್ನೊಬ್ಬರು ಛೇಡಿಸುತ್ತ ಬರುವ ತರುಣ ತರುಣಿಯರದು ಇನ್ನೊಂದು. ಈ ಎರಡನೆಯವರಲ್ಲಿ ಹಲವರು ಹೆಬ್ಬಾಳದ ಕೈಗಾರಿಕಾ ಪ್ರದೇಶದ ದೊಡ್ಡ ಕಟ್ಟಡಗಳಲ್ಲಿ ಕುಳಿತು ಗಣಕಯಂತ್ರಗಳಿಗೆ ಬುದ್ಧಿ ಹೇಳುವ ವೃತ್ತಿಯವರು. ಅಕ್ಕಸಾಲಿಗನಿಗೆ ಅಕ್ಕಸಾಲಿಗನ ಹಾಸ್ಯ, ವೈದ್ಯನಿಗೆ ವೈದ್ಯನ ಹಾಸ್ಯ ಇರುವಂತೆ ತಂತ್ರಾಂಶ ಬರೆಯುವವರಿಗೂ ಅವರದೇ ಆದ ಹಾಸ್ಯವಿದೆ. ಆ ಹಾಸ್ಯವನ್ನು ಹೊತ್ತುಕೊಂಡು ನಂಜನಗೂಡು, ತಿರುಮಕೂಡಲುಗಳನ್ನು ಸುತ್ತಿದರೆ ಈ ಹಳೆಯ ಕ್ಷೇತ್ರಗಳು ಹೊಸ ಬೆಳಕಿನಲ್ಲಿ ಕಾಣುತ್ತವೆ.

ಅಂಥದೊಂದು ತಂಡದಲ್ಲಿ ನಾಲ್ವರಿದ್ದರು: ಪುತ್ತೂರಿನ ಕಡೆಯ ಒಬ್ಬ ತರುಣಿ, ಹುಬ್ಬಳ್ಳಿಯವನೊಬ್ಬ, ಮೈಸೂರಿನಲ್ಲೇ ಹುಟ್ಟಿ ಬೆಳೆದವನೊಬ್ಬ, ನಂಜನಗೂಡು ತಾಲ್ಲೂಕಿನ ರೈತನ ಮಗನೊಬ್ಬ. ರೈಲು ಕಪಿಲೆಯನ್ನು ಸಮೀಪಿಸುತ್ತಿದ್ದಂತೆ ಹಳೆಯ ಕಲ್ಲಿನ ಸೇತುವೆ ಕಾಣಿಸಿತು. 1735ರಲ್ಲಿ, ಮೈಸೂರಿನ ದಳವಾಯಿಗಳ ಕಾಲದಲ್ಲಿ ಕಟ್ಟಿದ್ದು. ಗಾಡಿಗಳಿಗೆಂದು ಕಟ್ಟಿದ ಈ ಸೇತುವೆಯ ಮೇಲೆ ಮುಂದೆ ರೈಲುಹಳಿಯನ್ನೂ ಹಾಸಿದರು. ರಸ್ತೆಯೂ ರೈಲೂ ಪಕ್ಕಪಕ್ಕದಲ್ಲೇ ಬಹುಕಾಲ ಅದರ ಮೇಲೆ ಸಾಗಿದವು. ಈಗ ಅದಕ್ಕೆ ವಿಶ್ರಾಂತಿ.

“ನೋಡ್ರಿಪಾ, ಎತ್ತಿನ ಬಂಡಿಗೆ ಅಂತ ಕಟ್ಟಿದ್ದರ ಮ್ಯಾಲೆ ಉಗಿಬಂಡಿ ಓಡಿಸಿದರೂ ಬೀಳಲಿಲ್ಲ” ಎಂದ ಹುಬ್ಬಳ್ಳಿಯವ. “ನಾವು ಬರೆದದ್ದಕ್ಕೆ ಒಂದು ಗುಂಡಿ ಹೆಚ್ಚಿಗೆ ಸೇರಿಸಿದರ ಮೂರು ಕಡೆ ಬಿರುಕು ಬಿಡ್ತದ.”

“ದಳವಾಯಿಗಳಿಗೆ ಶುಕ್ರವಾರ ಸಂಜೆಯೊಳಗೆ ಸೇತುವೆ ಬೇಕು ಅಂತ ಯಾರೂ ಹೇಳಿರಲಿಲ್ಲ ಮಾರಾಯ್ರೇ” ಎಂದಳು ಪುತ್ತೂರಿನವಳು.

ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯ 385 ಅಡಿ ಉದ್ದ, 160 ಅಡಿ ಅಗಲದ ವಿಸ್ತಾರವಾದ ಕಟ್ಟಡ. 147 ಕಂಬಗಳು ಅದನ್ನು ಹೊತ್ತಿವೆ. ಪಂಗುನಿಯ ದೊಡ್ಡ ಜಾತ್ರೆಯಲ್ಲಿ ಐದು ರಥಗಳು ಒಂದರ ಹಿಂದೊಂದು ಬೀದಿಯಲ್ಲಿ ಸಾಗುತ್ತವೆ. ಟಿಪ್ಪು ಸುಲ್ತಾನನ ಪಟ್ಟದಾನೆಯ ಕಣ್ಣುಬೇನೆ ಇಲ್ಲಿ ವಾಸಿಯಾಯಿತೆಂದೂ, ಅಂದಿನಿಂದ ಅವನು ಈ ದೇವರನ್ನು ‘ಹಕೀಮ್ ನಂಜುಂಡ’ನೆಂದು ಕರೆದನೆಂದೂ ಜನ ಹೇಳುತ್ತಾರೆ. ಲೋಕವನ್ನು ಉಳಿಸಲು ನಂಜನ್ನು ಉಂಡವನು ನಂಜುಂಡ. ಅವನ ಹೆಸರು ಆ ತಂಡದ ಕಚೇರಿಯಲ್ಲಿಯೂ ಬಳಕೆಯಲ್ಲಿತ್ತು. ಯಾವ ವಾರ ಯಾರು ರಾತ್ರಿಯೆಲ್ಲ ಎಚ್ಚರವಿದ್ದು, ಎಲ್ಲರ ತಪ್ಪುಗಳ ದೂರನ್ನೂ ಕೇಳಿಸಿಕೊಂಡು ಸರಿಪಡಿಸಬೇಕೋ ಅವರೇ ಆ ವಾರದ ‘ನಂಜುಂಡ’. ಆ ಸರದಿ ಈಗ ಮೈಸೂರಿನ ಹುಡುಗನದು.

“ಬಾರಯ್ಯ, ನಿನ್ನ ಮನೆ ಬಂತು” ಎಂದು ಗೋಪುರದ ಕೆಳಗೆ ನಿಂತು ಮಿತ್ರರು ಅವನನ್ನು ಕರೆದರು.

“ಆತ ಕುಡಿದದ್ದು ಒಂದೇ ಸಲ, ಅದೂ ಗಂಟಲಲ್ಲೇ ನಿಂತಿತು” ಎಂದು ಅವನು ಕೈಮುಗಿದ. “ನನಗೆ ವಾರವೆಲ್ಲ ಬಡಿಸುತ್ತೀರಿ, ಹೊಟ್ಟೆಯವರೆಗೂ ಇಳಿಯುತ್ತದೆ.”

ದೇವರ ಹೆಸರಿನಿಂದಲೇ ಇನ್ನೊಂದು ವಾದ ಹುಟ್ಟಿತು. ಕನ್ನಡ ಬಲ್ಲವರಿಗೆ ‘ಶ್ರೀಕಂಠೇಶ್ವರ’ ಐದೇ ಅಕ್ಷರ. ಗಣಕಯಂತ್ರದ ಎಣಿಕೆ ಬೇರೆ. ಜಗತ್ತಿನ ಲಿಪಿಗಳಿಗೆಲ್ಲ ಸಂಕೇತಗಳನ್ನು ನಿಗದಿಪಡಿಸಿದ ಯೂನಿಕೋಡ್ ಪದ್ಧತಿಯಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನವಿದೆ. ಆದರೆ ಅಲ್ಲಿ ವ್ಯಂಜನ, ವಿರಾಮ, ಸ್ವರಚಿಹ್ನೆ, ಅನುಸ್ವಾರ ಒಂದೊಂದೂ ಬೇರೆ ಬೇರೆ ಸಂಕೇತ. ಆ ಲೆಕ್ಕದಲ್ಲಿ ಶ್ರೀಕಂಠೇಶ್ವರನದು ಹನ್ನೆರಡು. ಹೆಸರಿಗೆ ಹತ್ತೇ ಮನೆಗಳನ್ನು ಬಿಟ್ಟ ಯಾವುದಾದರೂ ಅರ್ಜಿಯಲ್ಲಿ ಬರೆದರೆ ಕೊನೆಯ ‘ವ’ಕಾರ, ‘ರ’ಕಾರಗಳು ಹೊರಗೇ ನಿಲ್ಲಬೇಕು.

“ಅಂದರ ‘ವರ’ ಹೋಗ್ತದ” ಎಂದ ಹುಬ್ಬಳ್ಳಿಯವ. “ಅರ್ಜಿ ಹಾಕಿದವಗ ವರ ಸಿಗಂಗಿಲ್ಲ!”

ದೇವಾಲಯದ ಹೊರಗಿನ ಬೀದಿಯಲ್ಲಿ ರಸಬಾಳೆಯನ್ನು ಕೇಳದೆ ಯಾರೂ ಮುಂದೆ ಹೋಗುವುದಿಲ್ಲ. ನಂಜನಗೂಡಿನ ರಸಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಆದರೆ ಹೆಸರಿರುವಷ್ಟು ಹಣ್ಣು ಇಂದು ದೊರೆಯುವುದಿಲ್ಲ. ಪನಾಮಾ ಸೊರಗು ರೋಗ ತೋಟಗಳನ್ನು ತಿಂದಿತು. ಅದನ್ನು ತರುವ ಶಿಲೀಂಧ್ರ ಒಮ್ಮೆ ಮಣ್ಣಿಗೆ ಸೇರಿದರೆ ದಶಕಗಳವರೆಗೆ ಅಲ್ಲಿಯೇ ಉಳಿಯುತ್ತದೆ. ಬಾಳೆಯನ್ನು ಬೀಜ ಬಿತ್ತಿ ಬೆಳೆಯುವುದಿಲ್ಲ. ತಾಯಿಗಿಡದ ಬುಡದ ಕಂದನ್ನು ಕಿತ್ತು ನೆಡುತ್ತಾರೆ. ಆದ್ದರಿಂದ ಎಲ್ಲ ಗಿಡಗಳೂ ಒಂದೇ ಅಚ್ಚಿನವು; ಒಂದಕ್ಕೆ ತಡೆಯುವ ಶಕ್ತಿ ಇಲ್ಲವೆಂದರೆ ಯಾವುದಕ್ಕೂ ಇಲ್ಲ.

“ನಕಲು ಮಾಡಿ ಅಂಟಿಸಿದ ಹಾಗೆ” ಎಂದು ಮೈಸೂರಿನವನು ನಕ್ಕ. “ಒಂದು ತಪ್ಪು, ಸಾವಿರ ಪ್ರತಿ.”

ರೈತನ ಮಗ ನಗಲಿಲ್ಲ. “ಆ ಸಾವಿರದಲ್ಲಿ ನಾನೂರು ನಮ್ಮಪ್ಪನವು ಕಣೋ” ಎಂದ. ತುಸು ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಅವನೇ, “ಅದಕ್ಕೇ ಅಲ್ಲವೇ ನಿಮ್ಮಂಥವರ ಜೊತೆ ಸೇರಿ ಕೆಟ್ಟದ್ದು” ಎಂದು ಎಲ್ಲರ ಕೈಗೂ ಒಂದೊಂದು ಹಣ್ಣು ಕೊಟ್ಟ. ತೆಳುವಾದ ಸಿಪ್ಪೆಯ, ನವಿರಾದ ಪರಿಮಳದ ಆ ಹಣ್ಣನ್ನು ತಿನ್ನುವಾಗ ಹಾಸ್ಯಕ್ಕೆ ಎಡೆಯಿರಲಿಲ್ಲ.

ಅಲ್ಲಿಂದ ಸುತ್ತೂರಿನ ಮೇಲೆ ಹಾದು, ಕಪಿಲೆಯನ್ನು ಆಗಾಗ ಕಾಣುತ್ತ ಬಸ್ಸು ತಿರುಮಕೂಡಲು ನರಸೀಪುರವನ್ನು ಸೇರುತ್ತದೆ. ಇಲ್ಲಿ ಕಪಿಲೆ ಕಾವೇರಿಯನ್ನು ಕೂಡುತ್ತಾಳೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಸೇರಿ ತ್ರಿವೇಣಿಯಾಯಿತೆಂಬುದು ನಂಬಿಕೆ. 1989ರಿಂದ ಇಲ್ಲಿ ಕುಂಭಮೇಳ ನಡೆಯುತ್ತಿದೆ. 2025ರ ಫೆಬ್ರವರಿಯಲ್ಲಿಯೂ ನಡೆಯಿತು. ಊರಿನ ಪ್ರಾಚೀನತೆ ಪುರಾಣಕ್ಕಷ್ಟೇ ಸೇರಿದ್ದಲ್ಲ. 1959-60 ಮತ್ತು 1961-62ರಲ್ಲಿ ಇಲ್ಲಿ ನಡೆದ ಉತ್ಖನನಗಳಿಂದ ನವಶಿಲಾಯುಗದ ಜನವಸತಿಯ ಕುರುಹುಗಳು ದೊರೆತಿವೆ.

ಸಂಗಮದ ಬಳಿಯ ಅಗಸ್ತ್ಯೇಶ್ವರನ ಕತೆ ಕೇಳಿದಾಗ ನಾಲ್ವರೂ ಕಿವಿ ನಿಮಿರಿಸಿದರು. ಅಗಸ್ತ್ಯರು ಇಲ್ಲಿ ಲಿಂಗವನ್ನು ಪ್ರತಿಷ್ಠಿಸಬೇಕೆಂದು ಹನುಮಂತನನ್ನು ಕಾಶಿಗೆ ಕಳುಹಿಸಿದರಂತೆ. ಮುಹೂರ್ತ ಮೀರುತ್ತ ಬಂದರೂ ಹನುಮಂತ ಬರಲಿಲ್ಲ. ಅಗಸ್ತ್ಯರು ನದಿಯ ಮರಳನ್ನೇ ಕೂಡಿಸಿ ಲಿಂಗ ಮಾಡಿ ಪ್ರತಿಷ್ಠೆ ಮುಗಿಸಿದರು. ತಡವಾಗಿ ಬಂದ ಹನುಮಂತ ಸಿಟ್ಟಿನಿಂದ ಅದನ್ನು ಕೀಳಲು ಹೋದನು, ಅದು ಅಲುಗಲಿಲ್ಲ. ಅವನು ತಂದ ಲಿಂಗಕ್ಕೂ ಹನುಮಂತೇಶ್ವರನೆಂಬ ಹೆಸರಿನಲ್ಲಿ ಬೇರೆ ಸ್ಥಾನ ದೊರೆಯಿತು.

“ಇದು ನಮ್ಮದೇ ಕತೆ!” ಎಂದಳು ಪುತ್ತೂರಿನವಳು. “ಹೊರಗಿನಿಂದ ಬರಬೇಕಾದ ಮಾಲು ತಡ. ಇವತ್ತಿಗೆ ಹೀಗೆ ಇರಲಿ, ಆಮೇಲೆ ನೋಡುವ ಅಂತ ಮರಳಿನಲ್ಲಿ ಮಾಡಿದ್ದು. ಆಮೇಲೆ ಅದನ್ನು ತೆಗೆಯಲಿಕ್ಕೆ ಹನುಮಂತನಿಂದಲೂ ಆಗುವುದಿಲ್ಲ.”

“ಆದರೂ ಋಷಿಗಳು ದೊಡ್ಡವರು” ಎಂದ ರೈತನ ಮಗ. “ತಡವಾಗಿ ತಂದವನ ಕೆಲಸವನ್ನೂ ಕಸಕ್ಕೆ ಹಾಕಲಿಲ್ಲ.”

ಗುಂಜಾ ನರಸಿಂಹಸ್ವಾಮಿಯ ದೇವಾಲಯ ಕಪಿಲೆಯ ದಡದ ಮೇಲಿದೆ. ಸ್ವಾಮಿಯ ಬೆರಳುಗಳ ನಡುವೆ ಒಂದು ಗುಲಗಂಜಿ ಇದೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ಅದರ ಅರ್ಥ. ಹಿಂದೆ ಚಿನಿವಾರರು ಚಿನ್ನ ತೂಗುತ್ತಿದ್ದ ಬೀಜ ಅದು. ಒಂದರ ತೂಕ ಒಂದು ಗ್ರಾಮಿನ ಎಂಟನೆಯ ಒಂದು ಪಾಲಿನಷ್ಟು. ಅಷ್ಟು ಹಗುರವಾದದ್ದು ಒಂದು ಕ್ಷೇತ್ರದ ಹಿರಿಮೆಯನ್ನು ನಿರ್ಧರಿಸುತ್ತದೆಂದರೆ ಒಂದು ಚುಕ್ಕೆ ತಪ್ಪಿದರೆ ಇಡೀ ರಾತ್ರಿ ಕೆಡುವ ವೃತ್ತಿಯವರಿಗೆ ಆಶ್ಚರ್ಯವೇನೂ ಆಗಲಿಲ್ಲ.

ಜಗಲಿಯ ಮೇಲೆ ಕುಳಿತು ಇವರ ಮಾತನ್ನೆಲ್ಲ ಕೇಳುತ್ತಿದ್ದ ಹಿರಿಯ ರೈತರೊಬ್ಬರು, “ಕಂಪ್ಯೂಟ್ರು ಕೆಲಸದೋರಾ ಮಕ್ಕಳೇ?” ಎಂದು ವಿಚಾರಿಸಿ, ಕೈಚೀಲದಿಂದ ಎರಡು ಕಾಗದಗಳನ್ನು ತೆಗೆದರು. ಒಂದರಲ್ಲಿ ಅವರ ಹೆಸರಿನ ಕೊನೆಗೆ ‘ಅಯ್ಯ’; ಇನ್ನೊಂದರಲ್ಲಿ ‘ಅಪ್ಪ’.

“ಇರೋನು ನಾನೊಬ್ಬನೇ. ಕಾಗ್ದದಲ್ಲಿ ಇಬ್ಬರು. ಸಾಲ ಕೊಡಿ ಅಂದ್ರೆ ಅಯ್ಯನೂ ಅಲ್ಲ ಅಪ್ಪನೂ ಅಲ್ಲ ಅಂತಾರೆ. ಸಾಲ ತೀರಿಸು ಅನ್ನೋವಾಗ ಮಾತ್ರ ಇಬ್ಬರನ್ನೂ ಹುಡುಕ್ಕೊಂಡು ಬತ್ತಾರೆ” ಎಂದು ಅವರೇ ಮೊದಲು ನಕ್ಕರು. ನಾಲ್ಕು ತಿಂಗಳಿಂದ ಅಲೆಯುತ್ತಿದ್ದರಂತೆ.

ಆ ನಗುವಿಗೆ ಪ್ರತಿಯಾಗಿ ನಗುವುದು ನಾಲ್ವರಿಗೂ ಸುಲಭವಾಗಲಿಲ್ಲ. ರೈತನ ಮಗ ಕಾಗದಗಳನ್ನು ಎರಡೆರಡು ಸಲ ಓದಿ, ತಿದ್ದುಪಡಿಯ ಅರ್ಜಿಯನ್ನು ಅಲ್ಲಿಯೇ ಬರೆದುಕೊಟ್ಟ. ಹೆಸರನ್ನು ಮಾತ್ರ ಅಜ್ಜನ ಬಾಯಿಂದಲೇ ಒಂದೊಂದಕ್ಷರವಾಗಿ ಹೇಳಿಸಿಕೊಂಡು ಬರೆದ. “ಬರ್ತೀನಿ ಮಗಾ, ನಿಮ್ಮ ಕೈ ಚೆನ್ನಾಗಿರಲಿ” ಎಂದು ಅವರು ಎದ್ದು ಹೋದರು.

ಮೈಸೂರಿನ ಬಸ್ಸು ಬರುವವರೆಗೆ ಹರಟೆ ಮತ್ತೆ ಹೊತ್ತಿಕೊಳ್ಳಲಿಲ್ಲ. ಬಸ್ಸು ಹತ್ತುವಾಗ ಹುಬ್ಬಳ್ಳಿಯವನು ಕೇಳಿದ: “ನಮ್ಮ ಕೆಲಸದಾಗ ಹೆಸರಿಗೆ ಎಷ್ಟು ಮನಿ ಬಿಟ್ಟೇವಿ?”

“ಇಪ್ಪತ್ತು” ಎಂದಳು ಪುತ್ತೂರಿನವಳು.

“ಅಕ್ಷರವೋ ಸಂಕೇತವೋ?”

ಯಾರೂ ಉತ್ತರ ಹೇಳಲಿಲ್ಲ. ಆ ವಾರದ ನಂಜುಂಡ ಕಿಸೆಯಿಂದ ಪುಟ್ಟ ಪುಸ್ತಕವನ್ನು ತೆಗೆದು, ಸೋಮವಾರ ಬೆಳಿಗ್ಗೆ ಮೊದಲು ನೋಡಬೇಕಾದ ಕೆಲಸವೆಂದು ಗುರುತು ಹಾಕಿಕೊಂಡ.